ಹುಬ್ಬಳ್ಳಿಯಿಂದ ತಿರುಪತಿಗೆ ಒಂದೂಕಾಲು ತಾಸು

ಮನೆಗೆ ಕಷ್ಟ ಬಂದರೆ ನಗು ಎದ್ದು ಹೋಗುತ್ತದೆ ಎಂದು ಜನ ತಿಳಿದಿರುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಕಷ್ಟ ನಡುಮನೆಯಲ್ಲಿ ಹಾಸಿಗೆ ಹಾಸಿಕೊಂಡು ಮಲಗಿತ್ತು, ನಗು ಹಿತ್ತಲ ಬಾಗಿಲಿನಿಂದ ಬಂದು ಹೋಗಿ ಮಾಡುತ್ತಲೇ ಇತ್ತು. ಬೇಡವೆಂದರೂ ಬರುತ್ತಿತ್ತು.

ನಮ್ಮದು ಯಲಬುರ್ಗಾ ತಾಲೂಕಿನ ಸಣ್ಣ ಹಳ್ಳಿ. ಮದುವೆಯಾದ ಹೊಸದರಲ್ಲಿ ನಾನು ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಜ್ವರ ಬಂದು ತಲೆಗೇರಿತು. ಗಂಗಾವತಿ ದವಾಖಾನೆಯಲ್ಲಿ, ಬಂಧು ಬಳಗದವರನ್ನು ಕರೆಸಿರಿ ಎಂದು ಹೇಳಿಬಿಟ್ಟರಂತೆ. ಆಗ ನನ್ನ ಮನೆಯಾಕೆ ದವಾಖಾನೆಯ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತಳು: ಇವರನ್ನು ಉಳಿಸಿಕೊಡು, ನನ್ನ ಮುಡಿ ನಿನಗೆ. ತಿಮ್ಮಪ್ಪ ಉಳಿಸಿಕೊಟ್ಟ. ನಮಗೆ ಮಾತ್ರ ಹೊರಡಲಾಗಲಿಲ್ಲ. ಒಂದು ವರ್ಷ ಆಕೆ ಬಸುರಿ, ಒಂದು ವರ್ಷ ನನ್ನ ಅವ್ವನ ಸೂತಕ, ಆಮೇಲೆ ಬಿತ್ತಿಗೆ, ಆಮೇಲೆ ಮಗಳ ಲಗ್ನ. ದೇವರಿಗೆ ಅವಸರವಿಲ್ಲ ಎಂದುಕೊಂಡೆವು.

ಕಡೆಗೆ ಆಕೆಯ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಹುಬ್ಬಳ್ಳಿಯಲ್ಲಿ ಇಂಜೆಕ್ಷನ್ ಏರಿಸತೊಡಗಿದ ಮೇಲೆ, ಮೊಣಕಾಲು ಮುಟ್ಟುತ್ತಿದ್ದ ಜಡೆ ಹಿಡಿ ಹಿಡಿಯಾಗಿ ದಿಂಬಿನ ಮೇಲೆ ಬಿತ್ತು. ಡಾಕ್ಟರು ಗಡ್ಡೆಯ ಮಾತಾಡುತ್ತಿದ್ದರು, ಆಕೆ ಕೂದಲಿನ ಮಾತಾಡುತ್ತಿದ್ದಳು. "ನನಗೇನರ ಆಗಲಿ. ಹರಕಿ ಉಳದ್ರ ಅದು ನಿಮ್ಮ ಮ್ಯಾಲೆ ಬರತೈತಿ" ಎನ್ನುವುದೊಂದೇ ಆಕೆಯ ಚಿಂತೆ.

ಈಗ ಆಕೆ ಇಲ್ಲ. ಆ ಪ್ರಯಾಣದ ಮಾತು ಬಂದರೆ ಮಗಳೂ ಅಳಿಯನೂ ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ನಗುವುದನ್ನಷ್ಟೇ ಬರೆಯೋಣವೆಂದು ಕುಳಿತಿದ್ದೇನೆ.

ಪಾತ್ರೆಯವನ ವ್ಯಾಪಾರ

ಉದುರಿದ ಕೂದಲಿನ ಒಂದು ಎಳೆಯನ್ನೂ ಆಕೆ ಚೆಲ್ಲಲಿಲ್ಲ. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ನೀಟಾಗಿ ಜೋಡಿಸಿ, ಮದುವೆಯ ಖಣದ ತುಂಡಿನಲ್ಲಿ ಸುತ್ತಿ ದೇವರ ಮಾಡದಲ್ಲಿ ಇಟ್ಟಿದ್ದಳು. ಒಂದು ದಿನ ಅದನ್ನು ಬಿಸಿಲಿಗೆ ಹರವಿಕೊಂಡು ಕುಳಿತಿದ್ದಾಗ ಓಣಿಯಲ್ಲಿ ಕೂದಲು ಕೊಂಡು ಪಾತ್ರೆ ಕೊಡುವವನು ಬಂದ. ನಮ್ಮ ಕಡೆ ಹೆಂಗಸರು ಬಾಚಿದಾಗ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ತುರುಕಿಟ್ಟಿರುತ್ತಾರೆ. ಆರು ತಿಂಗಳ ಉಂಡೆಗೆ ಅವನೊಂದು ಚಹದ ಜಾಲರಿ ಕೊಟ್ಟರೆ ಹೆಚ್ಚು. ಅಂಥವನು ಇಷ್ಟುದ್ದದ ಕೂದಲು ಕಂಡು ಗಾಡಿ ನಿಲ್ಲಿಸಿದವನು ಕೆಳಗಿಳಿದೇ ಬಂದ.

ಮೊದಲು ಒಂದು ಬೋಗುಣಿ ತೆಗೆದ. ಈಕೆ ತಲೆ ಅಲ್ಲಾಡಿಸಿದಳು. ಮುಚ್ಚಳದ ಡಬ್ಬಿ ತೆಗೆದ. ಅದೂ ಬೇಡ. ಕಡೆಗೆ ಗಾಡಿಗೆ ಕಟ್ಟಿದ ದೊಡ್ಡ ಸ್ಟೀಲಿನ ಕೊಡವನ್ನೇ ಬಿಚ್ಚಿ ತಂದು ಮುಂದಿಟ್ಟು, ಇದಕ್ಕಿಂತ ಹೆಚ್ಚು ಯಾರು ಕೊಡುತ್ತಾರೆ ಹೇಳಿರಿ ಎಂದು ಸವಾಲು ಹಾಕಿದ.

"ತಿಮ್ಮಪ್ಪ ಕೊಟ್ಟಾನ" ಅಂದಳು. "ಇದನ್ನ ಅವಗ ಆಗಲೇ ಮಾರೀನಪ್ಪಾ."

"ಏನು ಕೊಟ್ಟಾನ್ರಿ ಅಕ್ಕಾರ?"

ಆಕೆ ನನ್ನ ಕಡೆ ಗದ್ದ ತೋರಿಸಿದಳು. "ಅಲ್ಲಿ ಕಟ್ಟಿ ಮ್ಯಾಲೆ ಕುಂತು ಚಾ ಕುಡಿಯಾಕ ಹತ್ಯಾರಲ್ಲ, ಅವರನ್ನ ಕೊಟ್ಟಾನ."

ಆ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ನೋಡಿದ. ಕೊಡವನ್ನು ಬೆರಳಿನಿಂದ ಟಣ್ ಎಂದು ಬಡಿದು ತೋರಿಸಿ, "ಇದು ಸೋರೂದಿಲ್ರಿ, ಬಾಳಿಕಿ ಬರತೈತಿ. ಇನ್ನೊಮ್ಮೆ ವಿಚಾರ ಮಾಡ್ರಿ" ಎಂದು ಹೇಳಿ ಹೋದ.

ದೇವರಿಗೆ ಗೊತ್ತಾಗುವುದು ಹೇಗೆ

ಮೈಯಲ್ಲಿ ಕಸುವಿಲ್ಲ, ರೈಲಿನ ಗದ್ದಲದಲ್ಲಿ ಇಡೀ ರಾತ್ರಿ ಬೇಡ, ಸೋಂಕು ತಗುಲೀತು ಎಂದರು ಡಾಕ್ಟರು. ಬಸ್ಸಿನ ಮಾತಂತೂ ಇಲ್ಲವೇ ಇಲ್ಲ. ಕುಷ್ಟಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಅಳಿಯ ಆಗ ವಿಮಾನದ ಸುದ್ದಿ ತಂದ. ಹುಬ್ಬಳ್ಳಿಯಿಂದ ತಿರುಪತಿಗೆ ಮೇಲಿನ ದಾರಿ ಐನೂರು ಕಿಲೋಮೀಟರಿಗೆ ಚೂರು ಹೆಚ್ಚು, ಒಂದೂಕಾಲು ತಾಸಿನಲ್ಲಿ ಮುಟ್ಟಿಸುತ್ತಾರೆ, ಅತ್ತೆ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಅಲ್ಲಿರುತ್ತಾರೆ ಎಂದ.

ಈ ಸುದ್ದಿ ಹನುಮಪ್ಪನ ಗುಡಿಯ ಕಟ್ಟೆಗೆ ಹೋಯಿತು. ಅಲ್ಲಿ ಕುಳಿತ ಹಿರಿಯರಲ್ಲಿ ಯಾರಿಗೂ ವಿಮಾನದ ಮೇಲೆ ಸಂಶಯವಿರಲಿಲ್ಲ. ಅಳಿಯನ ಲೆಕ್ಕದ ಮೇಲೆ ಇತ್ತು. ಯಲಬುರ್ಗಾದಿಂದ ಕೊಪ್ಪಳಕ್ಕೆ ಹೋಗುವ ನಮ್ಮ ಬಸ್ಸು ಊರೂರಿಗೆ ನಿಂತು ಮುಟ್ಟುವುದಕ್ಕೇ ಅಷ್ಟು ಹೊತ್ತು ಬೇಕು. ಇನ್ನು ಇಲ್ಲಿಂದ ಹುಬ್ಬಳ್ಳಿಗೆ ಕಾರಿನಲ್ಲಿ ಮೂರು ತಾಸು, ಅಲ್ಲಿ ಎರಡು ತಾಸು ಮೊದಲೇ ಹೋಗಿ ಕುಳಿತುಕೊಳ್ಳಬೇಕಂತೆ. ಹಾಗಾದರೆ ಹಾರುವುದಕ್ಕಿಂತ ಕೂಡ್ರುವುದೇ ಹೆಚ್ಚಾಯಿತಲ್ಲ ಎಂದು ಒಬ್ಬರು. ತಿರುಪತಿ ಇರುವುದು ಮೂಡಲಕ್ಕೆ, ಹುಬ್ಬಳ್ಳಿ ಇರುವುದು ಪಡುವಲಕ್ಕೆ, ಮುಂದೆ ಹೋಗಲಿಕ್ಕೆ ಹಿಂದೆ ಹೋಗುವುದು ಯಾವ ರೀತಿ ಎಂದು ಇನ್ನೊಬ್ಬರು. ಓಡಿ ಬಂದು ಜಿಗಿಯಬೇಕಾದರೆ ನಾಲ್ಕು ಹೆಜ್ಜೆ ಹಿಂದೆ ಸರಿಯುವುದಿಲ್ಲವೇ ಎಂದು ಮತ್ತೊಬ್ಬರು ಸಮಾಧಾನ ಹೇಳಿದರು.

ಎಲ್ಲರಿಗಿಂತ ಹಿರಿಯರು, ಹರೆಯದಲ್ಲಿ ನಡೆದುಕೊಂಡೇ ತಿರುಪತಿಗೆ ಹೋಗಿ ಬಂದವರು, ಅಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದರು. ಕಡೆಗೆ ನನ್ನನ್ನು ಹತ್ತಿರ ಕರೆದು ಕೇಳಿದರು: "ನಾವು ನಡಕೋತ ಹ್ವಾದಾಗ ದಾರಿ ತುಂಬ ಅವನ ಹೆಸರು ಒದರಿಕೋತ ಹೋಗಿದ್ವಿ. ಬರಾಕ ಹತ್ಯಾರಂತ ಅವಗ ಗೊತ್ತಾಗತಿತ್ತು. ನೀವು ಹಿಂಗ ಒಂದೂಕಾಲು ತಾಸಿನ್ಯಾಗ ಹೋಗಿ ಮುಂದ ನಿಂತ್ರ, ಅವ ಇನ್ನೂ ಜಳಕಕ್ಕ ಹೋಗಿದ್ರ ಏನು ಮಾಡ್ತೀರಿ?"

ಟಗರಿನ ಕೊರಳಿಗೆ

ವಿಮಾನ ಶುಕ್ರವಾರದ್ದು. ನಾನು ಜೋಯಿಸರ ಹತ್ತಿರ ಹೋದೆ. ತಿರುಪತಿಗೆ ಎಂದ ಕೂಡಲೇ, ಪೂರ್ವಕ್ಕೆ ಶುಕ್ರವಾರ ಬಹಳ ಛಲೋ, ಹೋಗಿ ಬಾ ಎಂದರು. ಸುಮ್ಮನೆ ಎದ್ದು ಬಂದಿದ್ದರೆ ಮುಗಿಯುತ್ತಿತ್ತು. ಹುಬ್ಬಳ್ಳಿ ಮೇಲೆ ಹಾಯ್ದು ಹೋಗುತ್ತೇವೆ ಎಂದೆ. ಜೋಯಿಸರು ಚಸ್ಮಾ ತೆಗೆದರು. ಶುಕ್ರವಾರ ಪಶ್ಚಿಮಕ್ಕೆ ಶೂಲ, ಆ ದಿಕ್ಕಿಗೆ ಹೊಸಲು ದಾಟಬಾರದು. ಅವರ ಅಜ್ಜನ ಕಾಲದಿಂದಲೂ ಪೂರ್ವಕ್ಕೆ ಹೋಗುವವರು ಪೂರ್ವಕ್ಕೇ ಹೋಗುತ್ತಿದ್ದರು. ಒಂದೇ ಪ್ರಯಾಣಕ್ಕೆ ಎರಡು ದಿಕ್ಕು ತಂದವನು ನಾನೇ ಮೊದಲಿಗನಂತೆ.

ಪರಿಹಾರವೂ ಅವರೇ ಹೇಳಿದರು: ಪರಸ್ತಾನ ಇಡು. ಹೊರಡುವ ದಿನ ಕೆಟ್ಟದ್ದಾಗಿದ್ದರೆ, ಹಿಂದಿನ ಒಳ್ಳೆಯ ದಿನವೇ ನಮ್ಮದೊಂದು ಗಂಟನ್ನು ಆ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟು ಬರುವ ಪದ್ಧತಿ. ಆಗ ನಾವು ಅವತ್ತೇ ಹೊರಟಂತೆ ಲೆಕ್ಕ. ಮರುದಿನ ಹೋಗುವಾಗ ಗಂಟು ಎತ್ತಿಕೊಂಡು ಹೋದರಾಯಿತು.

ಊರ ಪಡುವಣ ಕಡೆಯ ಮನೆ ಕುರಿ ಕಾಯುವವನದು. ಗುರುವಾರ ಸಂಜೆ ನನ್ನ ಮನೆಯಾಕೆ ಹಳದಿ ಬಟ್ಟೆಯಲ್ಲಿ ಅಕ್ಕಿ, ಅರಿಷಿಣ ಕೊಂಬು, ಅಡಿಕೆ ಕಟ್ಟಿ ಕೊಟ್ಟಳು. ನಾನು ಅವನ ಕೈಯಲ್ಲಿಟ್ಟು, ಜೋಪಾನ ತಮ್ಮಾ, ನೆಲಕ್ಕೆ ಇಡಬೇಡ, ಮರೆಯಬೇಡ ಎಂದು ಹೇಳಿ ಬಂದೆ.

ಶುಕ್ರವಾರ ಬೆಳಗು ಹರಿಯುವಾಗ ಅಳಿಯನ ಕಾರು ಆ ಮನೆಯ ಮುಂದೆ ನಿಂತಿತು. ಬಾಗಿಲಿಗೆ ಕೀಲಿ. ಕುರಿ ಬಿಟ್ಟುಕೊಂಡು ಹೋಗ್ಯಾನ ಎಂದರು ಪಕ್ಕದವರು. ಅಳಿಯನಿಗೆ ಈ ಪದ್ಧತಿಗಳ ಮೇಲೆ ಅಷ್ಟಕ್ಕಷ್ಟೇ. ಒಂದು ಹಿಡಿ ಅಕ್ಕಿಗಾಗಿ ವಿಮಾನ ತಪ್ಪಿಸಿಕೊಳ್ಳುವುದು ಬೇಡ ಮಾಮಾ, ಬಂದ ಮೇಲೆ ಇಸಿದುಕೊಂಡರಾಯಿತು ಎಂದು ಕಾರು ಹೊರಡಿಸಿದ.

ಹಿಂದಿನ ಸೀಟಿನಲ್ಲಿ ಒರಗಿಕೊಂಡಿದ್ದ ಆಕೆ ಮೆಲ್ಲಗೆ ಹೇಳಿದಳು: "ಹಂಗಲ್ಲಪಾ. ಆಧಾರ್ ಕಾರ್ಡೂ ಅದರಾಗ ಅದಾವು. ಮನ್ಯಾಗ ಮರತು ಹೋದೇವಂತ ಅದರಾಗ ಕಟ್ಟೀನಿ."

ಕಾರ್ಡು ಇಲ್ಲದಿದ್ದರೆ ವಿಮಾನ ನಿಲ್ದಾಣದ ಬಾಗಿಲೊಳಗೇ ಬಿಡುವುದಿಲ್ಲ. ಅಳಿಯ ಕಾರನ್ನು ಹೊಲದ ದಾರಿಗೆ ಇಳಿಸಿದ. ಹಳ್ಳದ ದಂಡೆಯಲ್ಲಿ ಕುರಿ ಕಂಡವು. ಕುರಿಗಾರ ಕಂಬಳಿ ಹೊದ್ದು ನಿಂತಿದ್ದ. ಗಂಟೆಲ್ಲಿ ಎಂದರೆ ಹಿಂಡಿನ ಮುಂದೆ ಹೋಗುತ್ತಿದ್ದ ದೊಡ್ಡ ಟಗರನ್ನು ತೋರಿಸಿದ. ಅದರ ಕೊರಳಲ್ಲಿ ಹಳದಿ ಗಂಟು ತೂಗುತ್ತಿತ್ತು. ನೆಲಕ್ಕೆ ಇಡಬೇಡ ಎಂದಿದ್ದೆನಲ್ಲ. ತಾನು ಎಲ್ಲಿಯಾದರೂ ಕುಳಿತು ಎದ್ದಾಗ ಮರೆತೇನು, ಟಗರು ಮರೆಯುವುದಿಲ್ಲ ಎಂದು ಕಟ್ಟಿದ್ದನಂತೆ.

ದಿನಾ ಅವನ ಮಾತು ಕೇಳುವ ಟಗರು ಕಾರಿನ ಸಪ್ಪಳಕ್ಕೆ ಬೆದರಿತು. ಓಡಿತು. ಇಸ್ತ್ರಿ ಪ್ಯಾಂಟಿನ ಅಳಿಯ ಅದರ ಹಿಂದೆ ಓಡಿದ. ಕಡಲೆ ಹೊಲದಲ್ಲಿ ಒಂದು ಸುತ್ತು, ಹಳ್ಳದೊಳಗೆ ಒಂದು ಸುತ್ತು. ಕಾರಿನ ಕಿಟಕಿಯಿಂದ ನೋಡುತ್ತಿದ್ದ ನನ್ನ ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲಾಡತೊಡಗಿದಳು. ಎಲ್ಲಿ ಸಂಕಟವಾಯಿತೋ ಎಂದು ನಾನು ಗಾಬರಿಯಾದೆ. ನಗುತ್ತಿದ್ದಳು. ಇಂಜೆಕ್ಷನ್ ಶುರುವಾದ ಮೇಲೆ ಆಕೆ ಹಾಗೆ ನಕ್ಕದ್ದು ಅದೇ ಮೊದಲು.

ಗಂಟು ಕೈಗೆ ಬಂದ ಮೇಲೆ ಅಳಿಯ ಏದುಸಿರು ಬಿಡುತ್ತ ಕುರಿಗಾರನನ್ನು ಗದರಿಸಲು ಹೋದ. ಅವನು ಶಾಂತನಾಗಿ, "ಯಾಕ್ರಿ ಸಾವಕಾರ್ರ, ಮನ್ಯಾಗ ಇಟ್ಟಿದ್ರ ಅದು ಅಲ್ಲೇ ಕುಂದರತಿತ್ತು. ಈಗ ನೋಡ್ರಿ, ನಿಮಗಿಂತ ಮೊದಲ ಪಶ್ಚಿಮಕ್ಕ ಅರ್ಧ ಹರದಾರಿ ಬಂದೈತಿ" ಎಂದ.

ಅಡಕತ್ತರಿ

ಹುಬ್ಬಳ್ಳಿಯ ವಿಮಾನ ನಿಲ್ದಾಣದ ಬಾಗಿಲಲ್ಲಿ ನಮ್ಮಿಬ್ಬರನ್ನು ಇಳಿಸಿ ಅಳಿಯ ತಿರುಗಿ ಹೋದ. ಒಳಗೆ ಕೈಚೀಲಗಳನ್ನು ಒಂದು ಯಂತ್ರದ ಹೊಟ್ಟೆಯೊಳಗೆ ಕಳಿಸುತ್ತಾರೆ. ನಮ್ಮ ಚೀಲ ಒಳಗೆ ಹೋದದ್ದು ಬೇಗ ಹೊರಗೆ ಬರಲಿಲ್ಲ. ಖಾಕಿ ಉಡುಪಿನ ಹೆಣ್ಣುಮಗಳೊಬ್ಬಳು ಖಣದ ಗಂಟನ್ನು ಎತ್ತಿ ಹಿಡಿದು ಹಿಂದಿಯಲ್ಲಿ ಏನಿದು ಎಂದಳು. ನಮ್ಮ ಮನೆಯಾಕೆಗೆ ಬರುವುದು ಕೊಪ್ಪಳದ ಸಂತೆಯಲ್ಲಿ ಬಳೆಗಾರರಿಂದ ಕಲಿತ ಉರ್ದು. "ಬಾಲ್ ಹೈ ಅಮ್ಮಾ. ಮೇರಾಚ್ ಹೈ" ಎಂದಳು, ಕೂದಲು, ನನ್ನದೇ ಎಂದು.

ಆ ಹೆಣ್ಣುಮಗಳು ಬಿಚ್ಚಿದಳು. ಅಷ್ಟುದ್ದದ ಕೂದಲು ಮೇಜಿನ ತುಂಬ ಹರಡಿತು. ಕೂದಲು ಒಬ್ಬರದು, ಹಿಡಿದುಕೊಂಡವರು ಇನ್ನೊಬ್ಬರು ಎಂದು ಆ ಖಾಕಿಯವಳಿಗೆ ಅನಿಸಿರಬೇಕು, ನಿಮ್ಮದೇ ಎನ್ನುವುದು ಹೇಗೆ ಎಂದು ಕೇಳಿದಳು. ನನ್ನ ಮನೆಯಾಕೆ ತಲೆಯ ಮೇಲಿನ ಸೆರಗನ್ನು ಸ್ವಲ್ಪ ಹಿಂದೆ ಸರಿಸಿದಳು.

ಆ ಹೆಣ್ಣುಮಗಳು ಕೂದಲನ್ನು ಒಟ್ಟುಗೂಡಿಸಿ, ಮೊದಲು ಹೇಗಿತ್ತೋ ಹಾಗೇ ಸುತ್ತಿ, ಗಂಟು ಹಾಕಿ, ಎರಡೂ ಕೈಯಿಂದ ಕೊಟ್ಟಳು. ನನ್ನ ಹಿಂದೆ ಸಾಲಿನಲ್ಲಿದ್ದವರೂ ಅವಸರ ಮಾಡಲಿಲ್ಲ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಅದೇ ಚೀಲದ ತಳದಿಂದ ನನ್ನ ಅಡಕತ್ತರಿ ಹೊರಟಿತು. ಊಟವಾದ ಮೇಲೆ ನನಗೆ ಅಡಿಕೆ ಬೇಕು. ಹರಿತದ ಸಾಮಾನು ವಿಮಾನದಲ್ಲಿ ಒಯ್ಯುವಂತಿಲ್ಲ, ಪೈಲಟ್ಟನನ್ನು ಹೆದರಿಸಿ ವಿಮಾನವನ್ನೇ ಬೇರೆ ಕಡೆ ತಿರುಗಿಸಿಬಿಡುವವರು ಇರುತ್ತಾರೆ ಎಂದು ಆ ಹೆಣ್ಣುಮಗಳು ತಿಳಿಸಿ ಹೇಳಿದಳು. ನನ್ನ ಮನೆಯಾಕೆ ಅದನ್ನು ಪೂರಾ ಕೇಳಿಸಿಕೊಂಡು, ನನ್ನ ಮುಖ ನೋಡಿ, ಕನ್ನಡದಲ್ಲೇ ಹೇಳಿದಳು:

"ಇವರು ಮನ್ಯಾಗಿನ ಫ್ಯಾನು ತಿರುಗಸಾಕ ನನ್ನ ಕರೀತಾರವ್ವಾ. ವಿಮಾನ ಏನು ತಿರುಗಸ್ತಾರ?"

ನಡುವೆ ಇಳಿಸಿರಿ

ಕಿಟಕಿಯ ಪಕ್ಕ ಆಕೆ, ಈ ಕಡೆ ನಾನು. ಗುಡಿಯಲ್ಲಿ ಕುಳಿತಂತೆ ಕಾಲು ಮಡಿಚಿ ಗೋವಿಂದ ನಾಮ ಹೇಳಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಎಡಗಡೆ ದೂರದಲ್ಲಿ ತುಂಗಭದ್ರೆಯ ನೀರು ಬೆಳ್ಳಗೆ ಹಾಸಿಕೊಂಡದ್ದು ಕಂಡಿತು. ಅದರ ಆಚೆ ಕೊಪ್ಪಳ, ಅದರ ಆಚೆ ಮಂಜಿನಲ್ಲಿ ಎಲ್ಲೋ ನಮ್ಮೂರು. ಬೆಳಿಗ್ಗೆಯಿಂದ ಪಡುವಲಕ್ಕೆ ಹೋದದ್ದನ್ನೆಲ್ಲ ವಿಮಾನ ಇಷ್ಟರಲ್ಲೇ ಹಿಂದಕ್ಕೆ ತಂದು ಹಾಕಿತ್ತು.

ಆಕೆ ಗಾಜಿಗೆ ಹಣೆ ಹಚ್ಚಿ ನೋಡುತ್ತಲೇ ಇದ್ದಳು. "ಮನಿ ಇಷ್ಟು ಸನೇ ಐತಿ" ಎಂದಳು ಮೆಲ್ಲಗೆ. ಹೋದ ಮೇಲೆ ಆಕೆ ಮನೆಯನ್ನು ಹೀಗೇ ನೋಡುತ್ತಾಳೇನೋ ಎಂದು ಒಂದು ವಿಚಾರ ಬಂತು, ಅದನ್ನು ಅಲ್ಲೇ ನುಂಗಿದೆ.

ಆಕೆಗೆ ಅಂಥ ವಿಚಾರ ಇರಲಿಲ್ಲ. ನೀರು ತಂದುಕೊಟ್ಟ ಹುಡುಗಿಯ ಕೈ ಹಿಡಿದು, ನಮ್ಮೂರ ಬಸ್ಸಿನ ಕಂಡಕ್ಟರನಿಗೆ ಹೇಳುವಂತೆಯೇ ಹೇಳಿದಳು: "ತಂಗೀ, ನಾಡದು ತಿರುಗಿ ಬರಾಗ ಇಲ್ಲೇ ಒಂಚೂರು ನಿಂದರಸಾಕ ಹೇಳವ್ವಾ. ಹುಬ್ಬಳ್ಳಿ ತನಕ ಹೋಗಿ ಮತ್ತ ಬರೂದು ದಂಡ. ನಮ್ಮದು ಭಾಳ ಸಾಮಾನೂ ಇಲ್ಲ."

ಬೈತಲೆ

ಬೆಟ್ಟದ ಮೇಲೆ ಮುಡಿ ಕೊಡುವ ಕಲ್ಯಾಣಕಟ್ಟೆಯಲ್ಲಿ ಹೆಂಗಸರ ಮುಡಿ ತೆಗೆಯಲು ಹೆಂಗಸರೇ ಇರುತ್ತಾರೆ. ನಮ್ಮ ಪಾಲಿಗೆ ಬಂದವಳು ತೆಲುಗಿನವಳು, ನಮ್ಮ ವಯಸ್ಸಿನವಳೇ. ಕಾರಟಗಿಯ ಗಿರಣಿಯಲ್ಲಿ ಕಲಿತ ತೆಲುಗು ನನಗೆ ಅಲ್ಲಿ ಕೆಲಸಕ್ಕೆ ಬಂತು.

ನನ್ನ ಮನೆಯಾಕೆ ಅವಳ ಮುಂದೆ ಕುಳಿತು ಸೆರಗು ಇಳಿಸಿದಳು. ತಲೆಯಲ್ಲಿ ಮೊಳಕೆ ಹೆಸರುಕಾಳಿನಷ್ಟು ಕೂದಲು ಅಲ್ಲಲ್ಲಿ. ಆಮೇಲೆ ಗಂಟು ಬಿಚ್ಚಿ, ಇದನ್ನೂ ಸೇರಿಸಿ ತೆಗೆದುಕೊಳ್ಳವ್ವಾ ಎಂದು ಮುಂದೆ ಹಿಡಿದಳು.

ಅವಳು ನನ್ನ ಮುಖ ನೋಡಿದಳು. ಬೇರೆ ಕಡೆ ತೆಗೆದ ಮುಡಿ ಇಲ್ಲಿ ಹಾಕುವಂತಿಲ್ಲ ಅಣ್ಣಾ, ಇಲ್ಲಿ ತಲೆಯಿಂದ ಇಳಿದದ್ದೇ ಸ್ವಾಮಿಗೆ ಸಲ್ಲುವುದು ಎಂದಳು. ಕಠಿಣವಾಗಿ ಹೇಳಲಿಲ್ಲ. ಆದರೂ ಹೇಳಿದಳು.

ನನ್ನ ಮನೆಯಾಕೆ ಏನಂತೆ ಎಂದು ಕೇಳಿದಳು. ನಾನು ಸುಳ್ಳು ಹೇಳಲಾರದೆ ಇದ್ದದ್ದನ್ನೇ ಹೇಳಿದೆ. ಆಕೆ ಚಾಚಿದ ಗಂಟನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಐನೂರು ಕಿಲೋಮೀಟರು ಹಾರಿ ಬಂದದ್ದು ಆ ಇಬ್ಬರು ಹೆಂಗಸರ ನಡುವಿನ ಒಂದು ಗೇಣು ಜಾಗದಲ್ಲಿ ನಿಂತುಬಿಟ್ಟಿತ್ತು.

"ಯಾರೂ ತಗದದ್ದಲ್ಲ, ತಾನ ಬಿದ್ದದ್ದು. ಹೇಳ್ರಿ ಆಕಿಗೆ" ಅಂದಳು. "ನಾ ಯಾರ ಕೈಯಾಗೂ ಕತ್ತರಿ ಕೊಟ್ಟಿಲ್ಲ. ಇದು ಇವರ ಜೀವದ ಹರಕಿ, ನನಗ ಇನ್ನೊಮ್ಮೆ ಬೆಳಿಯೂದಿಲ್ಲ."

ಹೇಳಿದೆ. ಹೇಳುವಾಗ ನನ್ನ ತೆಲುಗು ಎರಡು ಸಲ ನಿಂತಿತು.

ಆ ಹೆಂಗಸು ಕತ್ತಿಯನ್ನು ಕೆಳಗಿಟ್ಟಳು. ಗಂಟಿನಲ್ಲಿದ್ದ ಕೂದಲನ್ನು ಎರಡೂ ಕೈಯಲ್ಲಿ ಎತ್ತಿ, ಹೂವಿನ ದಂಡೆ ಇಡುವಂತೆ ನನ್ನ ಮನೆಯಾಕೆಯ ತಲೆಯ ಮೇಲೆ ಇಟ್ಟಳು. ಬೆರಳಿನಿಂದ ಆಚೆ ಈಚೆ ಹರವಿ, ನೀರು ಚಿಮುಕಿಸಿ ಒತ್ತಿದಳು. ಕೂದಲು ಹಿಂದಿನಂತೆ ಬೆನ್ನ ಮೇಲೆ ಇಳಿಯಿತು. ಈಗ ತಲೆಯಿಂದಲೇ ಇಳಿಸುತ್ತೇನೆ, ಯಾರೂ ಏನೂ ಅನ್ನುವುದಿಲ್ಲ ಎಂದು ಹೇಳಿ, ಗೋವಿಂದಾ ಎಂದು ಕತ್ತಿ ಎತ್ತಿದಳು.

"ಒಂದೀಟು ತಡಿಯವ್ವಾ. ಇವರು ಒಮ್ಮೆ ನೋಡಲಿ" ಎಂದಳು ನನ್ನ ಮನೆಯಾಕೆ.

ನನ್ನ ಕಡೆ ತಿರುಗಿ ನೆಟ್ಟಗೆ ಕುಳಿತಳು. ಮುಖ ಒಣಗಿತ್ತು, ಹುಬ್ಬು ಕೂಡ ಇರಲಿಲ್ಲ, ಮೇಲೆ ಆ ಕರಿ ಕೂದಲು. ನಾನು ನೋಡಿದೆ. ಏನಾದರೂ ಒಳ್ಳೆಯ ಮಾತು ಹೇಳಬೇಕು, ಇದು ಕಡೆಯದು ಎಂದು ಗೊತ್ತಿತ್ತು. ಕಣ್ಣು ತುಂಬಿ ಬಂದು, ತಲೆಗೆ ಏನೂ ಹೊಳೆಯದೆ, ಕಂಡದ್ದನ್ನೇ ಅಂದುಬಿಟ್ಟೆ:

"ಬೈತಲಿ ಸ್ವಲ್ಪ ಸೊಟ್ಟ ಆಗೇತಿ."

ಆಕೆ ಒಂದು ಗಳಿಗೆ ನನ್ನನ್ನೇ ದಿಟ್ಟಿಸಿದಳು.

"ಇಷ್ಟು ವರ್ಷ ದಿನಾ ಮುಂಜಾನೆ ನೆಟ್ಟಗ ತಗದು ನಿಮ್ಮ ಮುಂದ ಅಡ್ಡಾಡೀನಿ, ಒಂದಿನಾ ಕಣ್ಣಿಗೆ ಬೀಳಲಿಲ್ಲ. ಇವತ್ತು ಸೊಟ್ಟ ಕಂಡಿತೇನು ನಿಮಗ?"

ಆ ತೆಲುಗು ಹೆಂಗಸಿಗೆ ಏನು ಮಾತು ನಡೆದಿದೆ ಎಂದು ತಿಳಿಯಬೇಕಾಯಿತು. ಹೇಳಿದೆ. ಅವಳು ಮೂಗಿನ ಮೇಲೆ ಬೆರಳಿಟ್ಟುಕೊಂಡು, ನಮ್ಮ ಮನೆಯಲ್ಲೂ ಇಂಥವನೇ ಒಬ್ಬ ಇದ್ದಾನಮ್ಮಾ ಎಂದು ನಗತೊಡಗಿದಳು. ನನ್ನ ಮನೆಯಾಕೆ ತಲೆಯ ಮೇಲಿನದು ಜಾರದಂತೆ ಎರಡೂ ಕೈಯಿಂದ ಹಿಡಿದುಕೊಂಡು ನಗುತ್ತಿದ್ದಳು. ನಗುವಿಗೆ ತನ್ನ ಕೈ ನಡುಗುತ್ತಿದೆ, ಕತ್ತಿ ತಾಕೀತು ಎಂದು ಆ ಹೆಂಗಸು ನನ್ನನ್ನು ಅತ್ತ ಮುಖ ಮಾಡಿ ನಿಲ್ಲಲು ಹೇಳಿದಳು. ನನ್ನ ಮುಖ ಕಂಡರೆ ಇಬ್ಬರಿಗೂ ನಗು ತಡೆಯುವುದಿಲ್ಲವಂತೆ. ಹೀಗಾಗಿ ನನ್ನ ಜೀವದ ಹರಕೆ ತೀರುವಾಗ ನಾನು ಗೋಡೆ ನೋಡುತ್ತ ನಿಂತಿದ್ದೆ.